ಅಂಗಡಿಯ ಮಾದರಿ ಓಲೆ

ಪಿಎಚ್‌ಡಿಯ ಎರಡನೇ ವರ್ಷ ನನ್ನ ಶಿಷ್ಯವೇತನ ನಿಂತಿತು. ಕಷ್ಟದಲ್ಲಿರುವ ವಿದ್ಯಾರ್ಥಿಗಳ ನೆರವು ನಿಧಿಗೆ ಅರ್ಜಿ ಹಾಕಿದೆ. ಅದೂ ಸಿಗದಿದ್ದರೆ ಶುಲ್ಕ ಕಟ್ಟಲಾಗದೆ ನೋಂದಣಿಯೇ ರದ್ದು.

ಸಂದರ್ಶನದ ಬೆಳಿಗ್ಗೆ ನಾಗಮಂಗಲದ ಹತ್ತಿರದ ದೇವಲಾಪುರದ ಮನೆಯಲ್ಲಿ ಅವ್ವ ಅಡ್ಡ ನಿಂತಳು. "ಅಕ್ಕಸಾಲಿ ಮನೆ ಹೆಣ್ಣು ಬರೀ ಕಿವೀಲಿ ಹೋದ್ರೆ ನಿಮ್ಮಪ್ಪನ ಕಸುಬಿಗೇ ಅವಮಾನ ಕಣವ್ವ." ಗಿರಾಕಿಗಳಿಗೆ ತೋರಿಸಲು ಅಪ್ಪ ಅಂಗಡಿಯಲ್ಲಿ ಇಟ್ಟಿದ್ದ ಮಾದರಿ ಓಲೆ ತಂದು ಹಾಕಿದಳು. ತಾಮ್ರದ್ದು, ಮೇಲೆ ಚಿನ್ನದ ನೀರು.

ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು, ಮೈಸೂರಿನಲ್ಲಿ ಸಂದರ್ಶನ ಸಮಿತಿಗೆ ಹೆದರಲಿಲ್ಲ. ಆದಾಯ ಪ್ರಮಾಣಪತ್ರ ನೋಡಿದ ಸಮಿತಿಯ ಮೇಡಂ ನನ್ನ ಕಿವಿಯನ್ನೂ ನೋಡಿದರು.

"ಓಲೆ ಚೆನ್ನಾಗಿದೆಯಲ್ಲಮ್ಮ?"

"ತಾಮ್ರ ಮೇಡಂ. ಅಪ್ಪ ಮಾಡಿದ್ದು."

"ತಾಮ್ರದಲ್ಲೇ ಇಷ್ಟು ಚೆನ್ನಾಗಿ ಮಾಡೋರಿಗೆ ಕೆಲಸಕ್ಕೇನು ಕೊರತೆ?"

ಕೆಲಸ ಗೊತ್ತಿರುವುದು ಬೇರೆ, ಕೆಲಸ ಸಿಗುವುದು ಬೇರೆ, ಜನ ಈಗ ಮೈಸೂರಿನ ಶೋರೂಮಿಗೆ ಹೋಗುತ್ತಾರೆ ಎಂದು ವಾದಿಸಿದೆ. ಪಕ್ಕದಲ್ಲಿ ಕೂತಿದ್ದ ಪ್ರೊಫೆಸರ್ ನಕ್ಕರು. "ಬಾಯಿ ಜೋರಿದೆ, ಹೇಗಾದ್ರೂ ಬದುಕ್ತೀಯ ಬಿಡಮ್ಮ."

ನನ್ನ ವಾದದಲ್ಲಿ ಒಂದು ತಪ್ಪೂ ಇರಲಿಲ್ಲ. ಸಂಜೆ ಅಂಟಿಸಿದ ಪಟ್ಟಿಯಲ್ಲಿ ನನ್ನ ಹೆಸರೂ ಇರಲಿಲ್ಲ.

ಬಸ್ಸು ಶ್ರೀರಂಗಪಟ್ಟಣ ದಾಟುವಾಗ ಓಲೆ ಬಿಚ್ಚಿ ಬ್ಯಾಗಿಗೆ ಹಾಕಿದ್ದೆ. ನಾಗಮಂಗಲದಲ್ಲಿ ಇಳಿಯುವ ಮುಂಚೆ ಮತ್ತೆ ಹಾಕಿಕೊಂಡೆ. ಅವ್ವ ಬಾಗಿಲಲ್ಲೇ ಕೇಳಿದಳು, "ಓಲೆ ನೋಡುದ್ರಾ?"

"ನೋಡಿದ್ರು."

"ಅಂಗಾದ್ರೆ ಮರ್ವಾದೆ ಕೊಟ್ಟಿರ್ತಾರೆ ಬುಡು."

ಒಳಗೆ ಅಪ್ಪ ಸುತ್ತಿಗೆ ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದ. ಅವ್ವನ ಮಾತಿಗೆ ನನ್ನಲ್ಲಿ ಎದುರುವಾದ ಸಿದ್ಧವಿತ್ತು.

"ಕೊಟ್ರು ಕಣವ್ವ" ಎಂದೆ.