ನೀರಿಗೆ ಎದುರಾಗಿ ನಡೆದದ್ದು

ಕಾಯುವುದೆಂದರೆ ನನಗೆ ಮೊದಲಿನಿಂದಲೂ ಆಗದು. ಬಸ್ಸು ಐದು ನಿಮಿಷ ತಡವಾದರೆ ಮುಂದಿನ ಸ್ಟಾಪಿನವರೆಗೆ ನಡೆದೇ ಹೋಗುವ ಆಸಾಮಿ ನಾನು. ಅಂಥವನನ್ನು ವೆನಿಸ್ಸಿನ ವಿಮಾನ ನಿಲ್ದಾಣದಲ್ಲಿ ಒಂದು ಬಿದಿರಿನ ಗಳಕ್ಕೋಸ್ಕರ ಎರಡೂವರೆ ಗಂಟೆ ನಿಲ್ಲಿಸಿದರು. ಪಕ್ಕದಲ್ಲಿ ಅಪ್ಪ, ಪಂಚೆ ಮೇಲೆ ಕೋಟು ತೊಟ್ಟುಕೊಂಡು, ಸಂತೆಗೆ ಬಂದವನಂತೆ ಆರಾಮಾಗಿ ಕೂತಿದ್ದ. ಅವನು ಆರಾಮಾಗಿದ್ದಷ್ಟೂ ನನಗೆ ಉರಿ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮದು ಪಟದ ಕುಣಿತದ ತಂಡ. ಉದ್ದನೆಯ ಬಿದಿರಿನ ಗಳಕ್ಕೆ ಬಣ್ಣ ಬಣ್ಣದ ಸೀರೆ ಸುತ್ತಿ, ತುದಿಗೊಂದು ಪುಟ್ಟ ಕೊಡೆ ಸಿಕ್ಕಿಸಿ, ಸೊಂಟಕ್ಕೆ ಕಟ್ಟಿದ ಬಟ್ಟೆಯಲ್ಲಿ ಅದರ ಬುಡ ಊರಿಕೊಂಡು ಕುಣಿಯುವುದು. ಪಾಂಡವಪುರದ ಪಕ್ಕದ ನಮ್ಮೂರಿನವರು ಕೆಲವರು, ಕೆ.ಆರ್. ಪೇಟೆ ಕಡೆಯ ಇಬ್ಬರು, ನಾಗಮಂಗಲದ ಒಬ್ಬ ತಮಟೆಯವನು. ಯಾವುದೋ ಜನಪದ ಮೇಳಕ್ಕೆಂದು ಕರೆಸಿಕೊಂಡಿದ್ದರು. ನಾನು ಕುಣಿಯುವವನಲ್ಲ, ಶ್ರೀರಂಗಪಟ್ಟಣದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಇಂಗ್ಲಿಷ್ ಬರುತ್ತದೆ ಅಂತ ನನ್ನನ್ನೂ ಸೇರಿಸಿದ್ದರು. ನನ್ನ ಇಂಗ್ಲಿಷ್ ಪಹಣಿ, ಖಾತೆಗಳ ಇಂಗ್ಲಿಷ್. ಅದನ್ನು ಇಟಲಿಯವರಿಗೆ ಏನಂತ ಬಳಸುವುದು?

ಗಳ ವಿಮಾನಕ್ಕೆ ಹಿಡಿಸುವುದಿಲ್ಲವೆಂದು ಊರಲ್ಲೇ ಅದನ್ನು ಎರಡು ತುಂಡು ಮಾಡಿ, ಜೋಡಿಸಲು ಕಬ್ಬಿಣದ ಕೊಳವೆ ಹಾಕಿಸಿದ್ದೆವು. ಆ ತುಂಡುಗಳು ಎಲ್ಲರ ಪೆಟ್ಟಿಗೆ ಬಂದರೂ ಬರಲಿಲ್ಲ. ಮೇಳದವರ ದೋಣಿ ಹೊರಡುವ ಹೊತ್ತಾಯಿತು. ಉಳಿದವರನ್ನು ಅದರಲ್ಲಿ ಕಳಿಸಿ, ಗಳ ಹೊರುವ ಅಪ್ಪನೂ ಇಂಗ್ಲಿಷ್ ಬರುವ ನಾನೂ ಉಳಿದೆವು.

ಅಪ್ಪ ಊರಿನ ನೀರಗಂಟಿ. ನಾಲೆಯ ತೂಬು ಎತ್ತಿ ಇಳಿಸಿ, ಸರದಿ ಪ್ರಕಾರ ಒಬ್ಬೊಬ್ಬರ ಗದ್ದೆಗೆ ನೀರು ಹಾಯಿಸುವವನು. ಮೂವತ್ತು ವರ್ಷ ಅದನ್ನೇ ಮಾಡಿದ್ದ. ತೂಬಿನ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೇ ಮಲಗುತ್ತಿದ್ದ. ಬೇಸಿಗೆ, ನಾಲೆ ನಿಲ್ಲಿಸಿದ್ದರು, ಬೀಗದ ಕೈಗೆ ಕೆಲಸವಿರಲಿಲ್ಲ. ಆದರೂ ಅದನ್ನು ಬಿಟ್ಟು ಬಂದಿರಲಿಲ್ಲ. ಬೊಂಬಾಯಿಯಲ್ಲಿ ತಪಾಸಣೆಯ ಯಂತ್ರ ಕಿಂಯ್ ಎಂದಾಗ ಪೊಲೀಸಿನವನು ಸೊಂಟ ಮುಟ್ಟಿ ನೋಡಿ ಏನಿದು ಎಂದ. "ನಮ್ಮೂರ್ ನೀರ್ ಕಣಪ್ಪಾ ಇದು," ಎಂದು ಅಪ್ಪ ಕನ್ನಡದಲ್ಲೇ ಹೇಳಿದ. ನಾನು ನಾಚಿಕೆಯಿಂದ ಕುಗ್ಗಿಹೋದೆ.

ಆ ಬೀಗದ ಕೈಯದೇ ಊರಲ್ಲಿ ರಗಳೆ ಎದ್ದಿತ್ತು. ಹಿಂದಿನ ಬೆಳೆಯಲ್ಲಿ ಒಂದು ದಿನ ಅಪ್ಪನಿಗೆ ಸರದಿಯ ಲೆಕ್ಕ ತಪ್ಪಿ, ಒಬ್ಬರ ನೀರು ಇನ್ನೊಬ್ಬರ ಗದ್ದೆಗೆ ಹರಿದಿತ್ತು. ಮೂವತ್ತು ವರ್ಷದಲ್ಲಿ ಒಂದು ಸಲ. ಅಷ್ಟಕ್ಕೇ ಶುರುವಾಯಿತು: ಮುದುಕನಿಗೆ ಕಣ್ಣು ಕಾಣೋದಿಲ್ಲ, ನೀರಿನ ಅಂದಾಜು ತಪ್ಪಿದೆ, ಬೀಗದ ಕೈ ಕೆಳಗಿನ ಬೀದಿಯ ಒಬ್ಬ ಹುಡುಗನಿಗೆ ಕೊಡಲಿ. ಹೊರಡುವ ಮೊದಲು ಅಪ್ಪ ಅರಳಿಕಟ್ಟೆಯಲ್ಲಿ ಎಲ್ಲರ ಎದುರಿಗೆ ಹೇಳಿದ್ದ: "ಓಗ್ಬುಟ್ ಬತ್ತೀನಿ. ನನ್ ಕೈಲಾಯ್ತದಾ ಇಲ್ವಾ ಅಂತ ಬಂದ್ ಮ್ಯಾಲೆ ನಾನೇ ಏಳ್ತೀನಿ. ಅಲ್ಲೀಗಂಟ ಯಾರೂ ಬಾಯ್ ಬುಡ್ಬ್ಯಾಡಿ."

ಅಂತೂ ಗಳ ಬಂತು, ಎರಡೂ ತುಂಡು ಒಂದೇ ಕಟ್ಟಾಗಿ. ಒಬ್ಬ ಅಧಿಕಾರಿ ಅದರ ತೂತಿನೊಳಗೆ ಟಾರ್ಚು ಬಿಟ್ಟು ಹುಳ ಹುಡುಕಿದ. ಕೌಂಟರಿನ ಹೆಂಗಸು ಒಂದು ಚೀಟಿಯಲ್ಲಿ ಹೋಟೆಲಿನ ಹೆಸರು ಬರೆದು, ಗೀಟು ಎಳೆದು ತೋರಿಸಿದಳು. ಇಂಥ ದೋಣಿ, ಇಂಥ ಕಡೆ ಇಳಿಯಿರಿ, ಪಕ್ಕದ ನಾಲೆಯ ದಡ ಹಿಡಿದು ಹೋಗಿ, ಮೂರನೇ ಸೇತುವೆಯ ಬಳಿ ಹೋಟೆಲು. ಹತ್ತು ನಿಮಿಷದ ದಾರಿಯಂತೆ.

ದೋಣಿಯಲ್ಲಿ ನಾನು ಕೂರಲಿಲ್ಲ. ಗಡಿಯಾರ ನೋಡುವುದು, ಚೀಟಿ ನೋಡುವುದು, ಗಳ ನೋಡುವುದು, ಇಷ್ಟೇ. ಅಪ್ಪ ಕಿಟಕಿಗೆ ಮೂಗು ಒತ್ತಿಕೊಂಡು, "ಕಟ್ಟೆ ಇನ್ನೀರಿದ್ದಂಗೇ ಅದೆ ಕಣ್ಲಾ," ಅಂದ. ಕನ್ನಂಬಾಡಿ ಕಟ್ಟೆಯ ಹಿನ್ನೀರಿಗಿಂತ ದೊಡ್ಡ ನೀರು ಅವನು ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ಇಳಿದೆವು. ಊರೆಲ್ಲ ನಾಲೆ. ನಮ್ಮಲ್ಲಿ ಊರಿನ ಪಕ್ಕ ನಾಲೆ ಹೋದರೆ ಇಲ್ಲಿ ಮನೆಯ ಹೊಸ್ತಿಲಿಗೇ ನೀರು ಬಂದು ನಿಂತಿತ್ತು. ಅಪ್ಪ ಗಳ ಕೆಳಗಿಟ್ಟು ದಡದಲ್ಲಿ ಕುಕ್ಕರಗಾಲಲ್ಲಿ ಕೂತ. ಎಲೆಅಡಿಕೆ ಚೀಲ ಬಿಚ್ಚಿ, ವೀಳ್ಯದೆಲೆಯ ತೊಟ್ಟು ಮುರಿದು ನೀರಿಗೆ ಹಾಕಿದ. ತೊಟ್ಟು ನಿಧಾನಕ್ಕೆ ಬಲಕ್ಕೆ ತೇಲಿಹೋಯಿತು. ಚೀಟಿಯ ಗೀಟೂ ಆ ಕಡೆಗೇ ಇತ್ತು.

"ನೀರ್ ಜೊತೇಲೇ ನಮ್ ದಾರಿ," ಎಂದ. "ತಪ್ಪೋದ್ರೆ ಯೋಚ್ನೆ ಮಾಡ್ಬ್ಯಾಡ. ನೀರಿಗೆ ಎದ್ರಾಗಿ ನಡ್ಕಬಂದ್ರೆ ಇಲ್ಲೇ ಬಂದ್ ಬೀಳ್ತೀವಿ."

ನಾಲೆ ಬಯಲಿನಲ್ಲಿ ಬೆಳೆದವರೆಲ್ಲ ಹೀಗೇ ದಾರಿ ಹಿಡಿಯುವುದು. ನಮಗೆ ಉತ್ತರ ದಕ್ಷಿಣ ಇಲ್ಲ, ನೀರು ಬರುವ ಕಡೆ, ನೀರು ಹೋಗುವ ಕಡೆ, ಎರಡೇ. ಕತ್ತಲಲ್ಲಿ, ಕಬ್ಬಿನ ಗದ್ದೆಯ ನಡುವೆ ದಿಕ್ಕು ತಪ್ಪಿದರೂ ಕಾಲುವೆಗೆ ಕಾಲಿಟ್ಟರೆ ಮನೆ ಯಾವ ಕಡೆ ಅಂತ ಗೊತ್ತಾಗುತ್ತದೆ. ಹಾಗಾಗಿ ಅಪ್ಪನ ಮಾತಿಗೆ ನಾನು ತಲೆಯಾಡಿಸಿದೆ.

ಸೇತುವೆ ಎಣಿಸುವುದರಲ್ಲೇ ಜಗಳ. ಒಂದು ಮನೆಯ ಬಾಗಿಲಿಗೆ ಮಾತ್ರ ಹೋಗುವ ಪುಟ್ಟ ಸೇತುವೆಯಿತ್ತು, ಅದಕ್ಕೆ ಗೇಟು ಬೇರೆ. ಅದು ಸೇತುವೆಯಲ್ಲ ಅಂತ ಅಪ್ಪ, ಸೇತುವೆಯೇ ಅಂತ ನಾನು. ನನ್ನ ಲೆಕ್ಕದ ಮೂರನೆಯದರ ಬಳಿ ಹೋಟೆಲಿಲ್ಲ, ಅಪ್ಪನ ಲೆಕ್ಕದ ಮೂರನೆಯದರ ಬಳಿಯೂ ಇಲ್ಲ. ಅಲ್ಲಿಗೆ ದಡದ ದಾರಿಯೂ ಮುಗಿದು ಒಂದು ಗಲ್ಲಿಯೊಳಗೆ ನುಗ್ಗಿತು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿ ನಿಲ್ಲಬೇಕು, ಅಷ್ಟೇ ಅಗಲ. ಮೂಲೆಮೂಲೆಗೂ ಗಳ ತಡೆಯುತ್ತಿತ್ತು. ಹಿಂದಕ್ಕೆ ಸರಿ, ಎತ್ತು, ಓರೆ ಮಾಡು, ಮತ್ತೆ ನುಗ್ಗು. ಒಬ್ಬಳು ಮುದುಕಿ ತರಕಾರಿ ಚೀಲ ಎದೆಗವಚಿಕೊಂಡು, ನಾವು ದಾಟುವವರೆಗೂ ಕಣ್ಣು ಮುಚ್ಚಿ ನಿಂತಿದ್ದಳು.

ನಾಲ್ಕೈದು ತಿರುವು ತಿರುಗಿ ಮತ್ತೆ ಅದೇ ನಾಲೆಯ ದಡಕ್ಕೆ ಬಿದ್ದೆವು. ಈಗ ಯಾವ ಕಡೆಯಿಂದ ಬಂದೆವು, ಯಾವ ಕಡೆ ಹೋಗಬೇಕು, ನನಗೆ ಒಂದೂ ತಿಳಿಯಲಿಲ್ಲ. ಒಂದು ಬೆಂಚಿತ್ತು. ಅಪ್ಪ ಕೂತು, ಚೀಲದಿಂದ ನಿಪ್ಪಟ್ಟು ತೆಗೆದು ನನಗೂ ಕೊಟ್ಟ. ಎರಡು ದಿನದ ನಿದ್ದೆಗೆಟ್ಟ ಜೀವ, ತಿನ್ನುತ್ತ ತಿನ್ನುತ್ತಲೇ ತೂಕಡಿಸಿದ. ಎಬ್ಬಿಸಲು ಮನಸ್ಸಾಗಲಿಲ್ಲ. ಅವನೊಬ್ಬನನ್ನೇ ಬಿಟ್ಟು ದೂರ ಹೋಗಲು ಧೈರ್ಯವಿಲ್ಲ. ಬೆಂಚಿನಿಂದ ಮೂಲೆಯ ಅಂಗಡಿಗೆ, ಅಂಗಡಿಯಿಂದ ಬೆಂಚಿಗೆ ಎಷ್ಟು ಸಲ ತಿರುಗಿದೆನೋ. ಅಂಗಡಿಯವನು ಚೀಟಿ ನೋಡಿ ಬಡಬಡ ಮಾತಾಡಿದ, ಕೈಯನ್ನು ನಾಲ್ಕೂ ಕಡೆ ಬೀಸಿದ. ಒಂದಕ್ಷರ ಅರ್ಥವಾಗಲಿಲ್ಲ. ಹೀಗೇ ಎರಡು ಗಂಟೆ ಹೋಯಿತು. ಮಾರನೆಯ ಬೆಳಿಗ್ಗೆ ಕುಣಿತವಿತ್ತು. ಗಳ ಇಲ್ಲದೆ ಕುಣಿತವೆಲ್ಲಿ!

ಅಪ್ಪ ಎದ್ದವನೇ ಇನ್ನೊಂದು ತೊಟ್ಟು ಮುರಿದು ನೀರಿಗೆ ಹಾಕಿ, ಬಗ್ಗಿ ನೋಡಿದ.

"ನೀರ್ ಅಂಗೋಯ್ತಾ ಅದೆ. ನಾವು ಇಂಗೋಗ್ಬೇಕು. ನಡಿ, ಮೊದ್ಲು ಇಳ್ದಿದ್ ಜಾಗಕ್ಕೋಗಾವ, ಅಲ್ಲಿಂದ ಸರಿಯಾಗ್ ಎಣಿಸ್ಕಂಡ್ ಬರಾವ."

ಯಾಕೋ ನನ್ನ ಮನಸ್ಸು ಅಲ್ಲ ಅಂದಿತು. ಆದರೂ ನಡೆದೆ. ನೀರಿಗೆ ಎದುರಾಗಿ ನಡೆದೆವು, ನಡೆದೆವು, ನಡೆಯುತ್ತಲೇ ಹೋದೆವು. ನೋಡಿದ ಮನೆ ಒಂದೂ ಇಲ್ಲ, ಗೇಟಿನ ಸೇತುವೆಯೂ ಇಲ್ಲ. ಕೊನೆಗೆ ದಾರಿಯೇ ಮುಗಿಯಿತು. ಎದುರಿಗೆ ಬರೀ ನೀರು, ತಣ್ಣನೆಯ ಗಾಳಿ, ದೋಣಿ ರಿಪೇರಿ ಮಾಡುವ ಒಂದು ಕೊಟ್ಟಿಗೆ. ಹೊತ್ತು ಇಳಿಯುತ್ತಿತ್ತು. ಊರಿನ ಆ ತುದಿಯಲ್ಲಿ ಇಳಿದವರು ಈ ತುದಿಗೆ ಬಂದು ನಿಂತಿದ್ದೆವು.

ನನ್ನ ತಾಳ್ಮೆ ಕಿತ್ತುಹೋಯಿತು. ಹೊತ್ತಿದ್ದ ಗಳವನ್ನು ಕಲ್ಲಿನ ಮೇಲೆ ಎಸೆದೆ.

"ಕಣ್ಣೂ ಓಯ್ತು ನಿಂಗೆ, ಬುದ್ದೀನೂ ಓಯ್ತು! ನೀರ್ ಯಾವ್ ಕಡೀಕ್ ಓಯ್ತದೆ ಅನ್ನೋದೇ ಗೊತ್ತಾಗಾಕಿಲ್ಲ, ನೀರಗಂಟಿಯಂತೆ ನೀರಗಂಟಿ! ಊರೋರ್ ಏಳೋದ್ರಲ್ಲಿ ಏನ್ ತಪ್ಪದೆ? ಆ ಬೀಗದ ಕೈ ಬಿಸಾಕಿ ಸುಮ್ನೆ ಮನೇಲ್ ಕೂತ್ಕೋ!"

ಕೊಟ್ಟಿಗೆಯವರು ಕೆಲಸ ನಿಲ್ಲಿಸಿ ನೋಡಿದರು. ಮೊದಲಾಗಿದ್ದರೆ ಅಪ್ಪ, "ಮುಚ್ಲಾ ಬಾಯ" ಅಂದು ಕಪಾಳಕ್ಕೆ ಬಿಡುತ್ತಿದ್ದ. ಈಗ ನೀರನ್ನೊಮ್ಮೆ ನೋಡಿದ. ಆಮೇಲೆ ಬಗ್ಗಿ ಗಳ ಎತ್ತಿಕೊಂಡು, ಸೀಳು ಬಿಟ್ಟಿದೆಯೇ ಅಂತ ಸವರಿ, "ಸರಿ ಬುಡು. ನೀ ಮುಂದ್ ನಡಿ," ಎಂದ.

ನಾಯಿ ಹಿಡಿದುಕೊಂಡು ಬಂದ ಒಬ್ಬ ಪುಣ್ಯಾತ್ಮ ಚೀಟಿ ಓದಿ, ನಮ್ಮನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕರೆದೊಯ್ದ. ಹೋಟೆಲು ನಾವು ಕೂತಿದ್ದ ಬೆಂಚಿನಿಂದ ಕೂಗಳತೆಯಲ್ಲಿ, ದೋಣಿ ಇಳಿದ ಕಡೆಗಿತ್ತು; ಗಲ್ಲಿ ಸುತ್ತುವಾಗ ಅದನ್ನು ದಾಟಿ ಬಂದಿದ್ದೆವು. ತಂಡದವರೆಲ್ಲ ಬಾಗಿಲಲ್ಲೇ ಕಾಯುತ್ತಿದ್ದರು. "ಎಲ್ಲೋಗ್ಬುಟ್ಟಿದ್ರಿ?" ಎಂದು ತಮಟೆಯವನು ಕೇಳಿದ. "ಇವ್ರನ್ನೇ ಕೇಳು," ಎಂದೆ. ಅಪ್ಪ ಗಳವನ್ನು ಗೋಡೆಗೆ ಒರಗಿಸಿ ಒಳಗೆ ಹೋದ.

ಮಾರನೆಯ ಬೆಳಿಗ್ಗೆ ಬೇಗ ಎದ್ದು ಹೋಟೆಲಿನ ಬಾಗಿಲಲ್ಲಿ ನಿಂತಿದ್ದೆ. ಒಂದು ಕೋಸಿನ ಎಲೆ ನಾಲೆಯಲ್ಲಿ ಬಲದಿಂದ ಎಡಕ್ಕೆ ತೇಲಿಹೋಯಿತು. ಒಳಗೆ ಹೋಗಿ ಬ್ರೆಡ್ಡು ತಿಂದು, ಹುಡುಗರ ಗೆಜ್ಜೆ, ರುಮಾಲು ಎಲ್ಲ ಎಣಿಸಿಕೊಂಡು ಹೊರಬಂದೆ. ಅದೇ ಎಲೆಯೋ ಅದರ ಅಣ್ಣತಮ್ಮನೋ, ಎಡದಿಂದ ಬಲಕ್ಕೆ ಬರುತ್ತಿತ್ತು! ಹೋಟೆಲಿನವನನ್ನು ಕೇಳಿದೆ. ಅವನು ನಕ್ಕ. ಸಮುದ್ರದ ನೀರಲ್ಲವೇ, ಉಬ್ಬರಕ್ಕೆ ಒಳಗೆ ಬರುತ್ತದೆ, ಇಳಿತಕ್ಕೆ ಹೊರಗೆ ಹೋಗುತ್ತದೆ, ದಿನಾ ಹೀಗೇ ತಿರುಗುತ್ತಿರುತ್ತದೆ ಎಂದ.

ಅಪ್ಪ ತಪ್ಪು ಹೇಳಿರಲಿಲ್ಲ. ತೊಟ್ಟನ್ನು ಸರಿಯಾಗಿಯೇ ನೋಡಿದ್ದ. ಅವನು ತೂಕಡಿಸುತ್ತಿದ್ದ ಹೊತ್ತಿನಲ್ಲಿ ನೀರೇ ತಿರುಗಿತ್ತು. ಒಂದೇ ಕಡೆ ಹರಿಯುವ ನೀರು ಮಾತ್ರ ಗೊತ್ತಿದ್ದವನಿಗೆ, ಬಂದ ನೀರು ವಾಪಸು ಹೋಗುತ್ತದೆ ಅಂತ ಯಾರು ಹೇಳಿದ್ದರು?

ಒಳಗೆ ಓಡಿಹೋಗಿ ಹೇಳಬೇಕಾಗಿತ್ತು. ಹೋಗಲಿಲ್ಲ. ಹೇಳಿದರೆ ನಾನು ಅಂದ ಮಾತನ್ನೂ ಎತ್ತಬೇಕಾಗುತ್ತಿತ್ತು. ಕುಣಿತ ಮುಗಿಯಲಿ ಅಂದುಕೊಂಡೆ. ಕುಣಿತವಾಯಿತು, ಜನ ಚಪ್ಪಾಳೆ ತಟ್ಟಿದರು, ಅಪ್ಪ ಗಳ ಹೊತ್ತು ಚೆನ್ನಾಗಿಯೇ ಕುಣಿದ. ಆದರೆ ವೇದಿಕೆ ಇಳಿದ ಮೇಲೆ ಯಾವ ಕಡೆ ಹೋಗಬೇಕೆಂದು ನನ್ನ ಮುಖ ನೋಡಿದ. ಅಲ್ಲಿದ್ದ ನಾಲ್ಕು ದಿನವೂ ಹಾಗೆಯೇ. "ಈ ಕಡೀಕಾ ಮಗಾ?" ಎಂದು ಕೇಳಿ ಕೇಳಿ ನನ್ನ ಹಿಮ್ಮಡಿ ನೋಡಿಕೊಂಡು ನಡೆದ. ಚರಂಡಿ ಹರಿದರೂ ನಿಂತು ನೋಡುವ ಮನುಷ್ಯ, ಅಷ್ಟು ನಾಲೆಗಳ ಊರಲ್ಲಿ ಒಂದು ಸಲವೂ ತಲೆ ತಿರುಗಿಸಿ ನೀರು ನೋಡಲಿಲ್ಲ. ನೋಡಿದ್ದರೆ ಅವನಿಗೇ ಗೊತ್ತಾಗಿಬಿಡುತ್ತಿತ್ತು.

ವಿಮಾನದಲ್ಲಿ ಹೇಳೋಣ ಎಂದುಕೊಂಡೆ, ಅವನು ನಿದ್ದೆ ಮಾಡಿದ. ಬೆಂಗಳೂರಿನಿಂದ ಬಸ್ಸು ಹತ್ತಿದ ಮೇಲೆ ಮದ್ದೂರು ದಾಟಲಿ ಅಂದುಕೊಂಡೆ, ಮಂಡ್ಯ ದಾಟಲಿ ಅಂದುಕೊಂಡೆ. ಶ್ರೀರಂಗಪಟ್ಟಣ ಬಂದೇಬಿಟ್ಟಿತು. ನಾನು ಕಚೇರಿಯಲ್ಲಿ ಕೆಲಸಕ್ಕೆ ಹಾಜರಾದೆ ಅಂತ ರುಜು ಹಾಕಬೇಕಿತ್ತು. ಅಪ್ಪ ಪಾಂಡವಪುರದ ಬಸ್ಸು ಹತ್ತಿದ. ಐದು ನಿಮಿಷ ಕಾಯಲಾರದವನು ನಾನು, ಆ ಒಂದು ಮಾತನ್ನು ಅಷ್ಟು ದಿನ ಕಾಯಿಸಿದೆ.

ಸಂಜೆ ಮನೆಗೆ ಬಂದಾಗ ಅಪ್ಪ ಜಗಲಿಯ ಮೇಲೆ ಕೂತಿದ್ದ. ಅವ್ವ ಒಳಗಿನಿಂದಲೇ, "ಬಂದೇಟ್ಗೆ ಕಾಲೂ ತೊಳೀದೆ ಕೆಳಗಿನ್ ಬೀದೀಗೋಗಿ ಬೀಗದ ಕೈ ಕೊಟ್ಬುಟ್ ಬಂದವ್ರೆ ಕಣ್ಲಾ. ಕಾಣಾಕಿಲ್ಲ ನಂಗೆ ಅಂತ ಎಲ್ರೆದ್ರೂ ಒಪ್ಕಂಡ್ರಂತೆ," ಎಂದಳು.

ನಾನು ನಿಂತಲ್ಲೇ ಎಲ್ಲ ಹೇಳಿದೆ. ಎಲೆ ತೇಲಿದ್ದು, ಎಲೆ ತಿರುಗಿದ್ದು, ಉಬ್ಬರ, ಇಳಿತ. ನಿನ್ನ ತೊಟ್ಟು ಸುಳ್ಳು ಹೇಳಿರಲಿಲ್ಲ ಎಂದೆ. ತಪ್ಪಾಯ್ತು ಎಂದೂ ಅಂದೆ. ಈಗಲೇ ಹೋಗಿ ಬೀಗದ ಕೈ ಈಸಿಕೊಂಡು ಬರುತ್ತೇನೆ ಎಂದು ಮೆಟ್ಟಿಲಿಳಿದೆ.

"ನಿಂತ್ಕೋ," ಎಂದ. "ಕೊಟ್ಟಾಯ್ತಲ್ಲ. ನನ್ ಬಾಯಲ್ಲೇ ಏಳಾಯ್ತು."

ಸ್ವಲ್ಪ ಹೊತ್ತು ಉಡಿದಾರದಲ್ಲಿ ಬೀಗದ ಕೈ ಇದ್ದ ಜಾಗವನ್ನು ಹೆಬ್ಬೆರಳಿನಿಂದ ಸವರುತ್ತ ಕೂತ. ಆಮೇಲೆ ಕೇಳಿದ:

"ನಿಂಗ್ ಯಾವತ್ ಗೊತ್ತಾಯ್ತ್ಲಾ ಇದು?"

"ಮಾರ್ನೇ ದಿನ ಬೆಳಿಗ್ಗೆ."

ಅಪ್ಪ ನನ್ನ ಮುಖ ನೋಡಿದ. ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು.

"ಅಲ್ಲೇ ಏಳ್ಬುಡ್ಬಾರ್ದಾಗಿತ್ತಾ ಮಗಾ?" ಎಂದ.