ಡಾಕ್ಟ್ರಮ್ಮನ ಮುಂದೆ ಗಟ್ಟಿಗಿತ್ತಿ

ಬೇಕರಿಯಲ್ಲಿ ಅವಳನ್ನು ಎಲ್ಲರೂ ಗಟ್ಟಿಗಿತ್ತಿ ಅಂತಲೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ, ಬೆಳಕು ಹರಿಯುವ ಮೊದಲೇ ಹೋಗಿ, ಮಗುವಿಗೆ ಸ್ನಾನ ಮಾಡಿಸಬಹುದಾದಷ್ಟು ದೊಡ್ಡ ಬೋಗುಣಿಯಲ್ಲಿ ಹಿಟ್ಟು ನಾದಿದವಳು. ನಾದುವ ಮೆಷಿನ್ನು ಬಂದ ಮೇಲೂ ಮಾಲೀಕ ಬನ್ನಿಗೆ ಮಾತ್ರ ಅವಳ ಕೈಯೇ ಬೇಕು ಅನ್ನುತ್ತಿದ್ದ. ಅಂಥವಳ ಬೆರಳಿನ ಗೆಣ್ಣುಗಳು ಒಂದು ಚಳಿಗಾಲದಲ್ಲಿ ಊದಿಕೊಂಡವು. ಆಮೇಲೆ ಮಣಿಕಟ್ಟು, ಆಮೇಲೆ ಮಂಡಿ. ಡಾಕ್ಟ್ರಮ್ಮ ಇದು ಕೀಲುವಾತ ಅಂದರು. ಇವಳು ಮಾತ್ರೆ ನುಂಗಿಕೊಂಡೇ ಇನ್ನೂ ಏಳು ವರ್ಷ ನಾದಿದಳು. ಕೊನೆಗೊಂದು ದಿನ ಹಿಟ್ಟಿನೊಳಗೆ ಇಳಿದ ಕೈ ಮೇಲೆ ಬರಲಿಲ್ಲ. ಇಬ್ಬರು ಸೇರಿ ಎಳೆದು ತೆಗೆದರು. ಅವತ್ತೇ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿ ಮನೆಗೆ ಬಂದಳು.

ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಅವಳು, ಅವಳ ನಾದಿನಿ, ಇಬ್ಬರೇ. ನಾದಿನಿಗೆ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ. ತಪ್ಪು ಕಂಡರೆ ಸುಮ್ಮನಿರುವ ಜಾಯಮಾನವಲ್ಲ. ಕೆಲಸ ಮಾಡಲಾರದವರಿಗೆ ಸರ್ಕಾರದಿಂದ ಮಾಸಾಶನ ಸಿಗುತ್ತದೆಂದು ತಿಳಿದುಕೊಂಡು ಬಂದು ಅರ್ಜಿ ತುಂಬಿದವಳೂ ಅವಳೇ. ಮೂರು ತಿಂಗಳಿಗೆ ಉತ್ತರ ಬಂತು: ಅರ್ಜಿ ತಿರಸ್ಕರಿಸಲಾಗಿದೆ, ಅರ್ಜಿದಾರರು ಚೆನ್ನಾಗಿದ್ದಾರೆ, ತಮ್ಮ ಕೆಲಸ ತಾವೇ ಮಾಡಿಕೊಳ್ಳುತ್ತಾರೆ ಎಂದು ಅವರ ವೈದ್ಯರ ದಾಖಲೆಗಳೇ ಹೇಳುತ್ತವೆ.

ನಾದಿನಿ ಕೆಂಡವಾದಳು. ಡಾಕ್ಟ್ರಮ್ಮನ ಕ್ಲಿನಿಕ್ಕಿಗೆ ಹೋಗಿ ಎಂಟು ವರ್ಷದ ಫೈಲಿನ ನಕಲು ತಂದು, ಕರಡು ಓದುವ ಹಾಗೆ ಸಾಲುಸಾಲಾಗಿ ಓದಿದಳು. ಪ್ರತಿ ಭೇಟಿಯ ಕೆಳಗೂ ಅದೇ ಮಾತು. ಹೇಗಿದ್ದೀರಿ ಎಂದು ಕೇಳಿದಾಗ ಚೆನ್ನಾಗಿದ್ದೇನೆ ಎನ್ನುತ್ತಾರೆ. ಚೆನ್ನಾಗಿದ್ದೇನೆ ಎನ್ನುತ್ತಾರೆ. ಹತ್ತೊಂಬತ್ತು ಸಲ.

"ಅತ್ತಿಗೆ, ಇದನ್ನ ಹೇಳಿದ್ದು ಯಾರು?"

ಅತ್ತಿಗೆ ಕಿಟಕಿಯ ಕಡೆ ನೋಡಿದಳು. ನಾದಿನಿಗೆ ಆಗ ಒಂದೊಂದಾಗಿ ಹೊಳೆಯತೊಡಗಿತು. ಡಾಕ್ಟರ ಹತ್ತಿರ ಹೋಗುವ ದಿನ ಗಟ್ಟಿಗಿತ್ತಿ ಮದುವೆಗೆ ಹೊರಟವಳ ಹಾಗೆ ತಯಾರಾಗುತ್ತಿದ್ದಳು. ಒಂದು ಗಂಟೆ ಬಿಸಿನೀರಲ್ಲಿ ಕೈ ಅದ್ದಿ ಬೆರಳು ಸಡಿಲ ಮಾಡಿಕೊಳ್ಳುವುದು, ನೋವಿನ ಮಾತ್ರೆ ಒಂದರ ಬದಲು ಎರಡು ನುಂಗುವುದು. ಗುಂಡಿ ಹಾಕಿ ಜಡೆ ಹೆಣೆಯುವುದು ನಾದಿನಿಯ ಪಾಲು. ಎಲ್ಲಾ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ, ನಗುನಗುತ್ತಾ ಒಳಗೆ ಹೋಗುತ್ತಿದ್ದಳು. ಎಂಟು ವರ್ಷದಿಂದ ಡಾಕ್ಟ್ರಮ್ಮ ನೋಡಿದ್ದು ಆ ಹೆಂಗಸನ್ನು. ಬೆಳಿಗ್ಗೆಯ ಹೆಂಗಸನ್ನು ಅವರು ಕಂಡೇ ಇರಲಿಲ್ಲ.

ನಾದಿನಿ ಒಂದು ನೋಟ್‌ಬುಕ್ ತಂದಳು. ಒಂದು ವಾರ ದಿನವೂ ಏನೇನು ಮಾಡಿದೆ, ಹೇಗೆ ಮಾಡಿದೆ, ಎಷ್ಟು ಹೊತ್ತಾಯಿತು, ಎಲ್ಲಾ ಹೇಳಬೇಕು, ತಾನು ಬರೆದುಕೊಳ್ಳುತ್ತೇನೆ ಅಂದಳು. ಮೊದಲ ದಿನ ಅತ್ತಿಗೆ ಮುಖ ಊದಿಸಿಕೊಂಡೇ ಹೇಳಿದಳು: ಹಾಲಿನ ಪ್ಯಾಕೆಟ್ಟನ್ನು ಹಲ್ಲಲ್ಲಿ ಕಚ್ಚಿ ಒಡೆದೆ, ಅರ್ಧ ಹಾಲು ಮೂಗಿಗೆ ಹೋಯಿತು. ನಾದಿನಿ ಬರೆಯುತ್ತಾ ಬರೆಯುತ್ತಾ ಕಿಸಕ್ಕೆಂದಳು. ಎರಡನೆಯ ದಿನ ಬಾಗಿಲ ಹಿಡಿ ತಿರುಗಿಸಲಾರದೆ ಮೊಣಕೈಯಲ್ಲಿ ಗುದ್ದಿ ತೆರೆದದ್ದು, ಅಂಚೆಯವನು ಮನೆಯಲ್ಲಿ ಜಗಳ ನಡೆದಿದೆ ಅಂದುಕೊಂಡು ಕಾಗದ ಕೊಡದೆ ಹೋದದ್ದು. ನಾಲ್ಕನೆಯ ದಿನದ್ದೇ ದೊಡ್ಡ ಕತೆ. ನಾದಿನಿ ಕೆಲಸಕ್ಕೆ ಹೋದ ಮೇಲೆ ನೈಟಿ ತೆಗೆಯಲು ಹೋಗಿ ಅದು ತಲೆಯ ಮೇಲೆ ಸಿಕ್ಕಿಕೊಂಡು, ಎರಡೂ ಕೈ ಮೇಲೆತ್ತಿದ ಭಂಗಿಯಲ್ಲೇ ಮುಕ್ಕಾಲು ಗಂಟೆ ಬಚ್ಚಲಲ್ಲಿ ನಿಂತಿದ್ದಳು. ಕಣ್ಣೂ ಕಾಣದು, ಕೂಗಿದರೆ ಬರುವವರೂ ಇಲ್ಲ. ಬೇಸರ ಕಳೆಯಲು ಒಳಗೊಳಗೇ ಹಾಡು ಬೇರೆ ಹೇಳಿಕೊಂಡಳಂತೆ. ಕೊನೆಗೆ ಗೋಡೆಯ ಗೂಟಕ್ಕೆ ನೈಟಿಯ ಅಂಚು ಸಿಕ್ಕಿಸಿ ಎಳೆದಾಗ ಅದು ಕಳಚಿಕೊಂಡಿತು.

ಇದನ್ನು ಹೇಳುವಾಗ ಗಟ್ಟಿಗಿತ್ತಿಗೇ ನಗು ತಡೆಯಲಾಗಲಿಲ್ಲ. ನಾದಿನಿ ಪೆನ್ನು ಬಿಸಾಡಿ ನೆಲದ ಮೇಲೆ ಉರುಳಿದಳು. ಒಬ್ಬಳು ನಿಲ್ಲಿಸಿದರೆ ಇನ್ನೊಬ್ಬಳು ಶುರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕರು. ಎಷ್ಟೋ ಹೊತ್ತಿನ ಮೇಲೆ ನಾದಿನಿ ಎದ್ದು ಕೂತು, ಪುಟದ ಮೇಲೆ ಮುಕ್ಕಾಲು ಗಂಟೆ ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದಳು.

ಡಾಕ್ಟರ ಹತ್ತಿರ ಹೋಗುವ ದಿನ ನಾದಿನಿ ಕಟ್ಟಪ್ಪಣೆ ಮಾಡಿದಳು: ಬಿಸಿನೀರಿಲ್ಲ, ಎರಡನೆಯ ಮಾತ್ರೆಯಿಲ್ಲ, ಬೆಳಿಗ್ಗೆ ಮೊದಲನೆಯವರಾಗಿ ಹೋಗುವುದು, ಗುಂಡಿ ನೀನೇ ಹಾಕಿಕೋ. ಗಟ್ಟಿಗಿತ್ತಿ ಸ್ವೆಟರಿನ ಮೂರು ಗುಂಡಿ ಬಿಟ್ಟು, ನಾಲ್ಕನೆಯದನ್ನು ಎರಡನೆಯ ತೂತಿಗೆ ಸಿಕ್ಕಿಸಿ, ಕೆದರಿದ ತಲೆಯಲ್ಲೇ ಹೊರಟಳು. ಬಸ್ಸಿನ ಕಿಟಕಿಯಲ್ಲಿ ತನ್ನ ಅವತಾರ ಕಂಡು ಮತ್ತೆ ನಗು. ಕ್ಲಿನಿಕ್ಕಿನಲ್ಲಿ ಕೂತಾಗಲೂ ಇಬ್ಬರೂ ತುಟಿ ಕಚ್ಚಿಕೊಂಡಿದ್ದರು, ಪಾಠದ ಮಧ್ಯೆ ನಗು ಬಂದ ಶಾಲೆ ಹುಡುಗಿಯರ ಹಾಗೆ.

ಡಾಕ್ಟ್ರಮ್ಮ ಹೇಗಿದ್ದೀರಿ ಎಂದು ಕೇಳಿದ್ದೇ ತಡ, ಇವಳ ಬಾಯಿಂದ ಚೆನ್ನಾಗಿದ್ದೀನಿ ಅನ್ನುವುದು ಜಾರಿಯೇ ಬಿಟ್ಟಿತು. ನಾದಿನಿ ಕೆಮ್ಮಿದಳು, ನೋಟ್‌ಬುಕ್ ಮುಂದೆ ತಳ್ಳಿದಳು. ಡಾಕ್ಟ್ರಮ್ಮ ಓದಿದರು. ಅಂಚೆಯವನ ಹತ್ತಿರ ಮುಗುಳ್ನಕ್ಕರು, ನೈಟಿಯ ಹತ್ತಿರ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಕೊನೆಯ ಪುಟ ಮುಗಿಸಿ, ಸ್ವೆಟರಿನ ಗುಂಡಿ ಸರಿಯಾಗಿ ಹಾಕಿ ತೋರಿಸಿ ಎಂದರು. ಗೋಡೆಯ ಗಡಿಯಾರದಲ್ಲಿ ಆರು ನಿಮಿಷ ಕಳೆಯಿತು. ಎರಡು ಗುಂಡಿ. ಅಷ್ಟರಲ್ಲಿ ಅವಳ ಹಣೆಯೆಲ್ಲಾ ಬೆವರು.

"ಇಷ್ಟು ವರ್ಷ ನನಗೆ ಯಾಕೆ ಹೇಳಲಿಲ್ಲ?"

"ನೀವು ಅಷ್ಟು ಅಕ್ಕರೆಯಿಂದ ನೋಡ್ತೀರಿ. ವಾಸಿ ಆಗಿಲ್ಲ ಅಂದ್ರೆ ನಿಮಗೆ ಬೇಜಾರಾಗುತ್ತೆ ಅಂತ."

ಡಾಕ್ಟ್ರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ತಪ್ಪು ತನ್ನದೂ ಇದೆ, ಮನೆಯಲ್ಲಿ ದಿನ ಹೇಗೆ ಕಳೆಯುತ್ತದೆ ಎಂದು ಒಮ್ಮೆಯೂ ಕೇಳಲಿಲ್ಲ ಅಂದರು. ಹೊಸ ಪತ್ರ ಬರೆಯಲು ಕೂತರು. ನಡೆಯಲೂ ಆಗುವುದಿಲ್ಲ ಅಂತ ಸೇರಿಸಿಬಿಡಿ ಎಂದು ನಾದಿನಿ ಮೆಲ್ಲಗೆ ಹೇಳಿ ನೋಡಿದಳು. ಡಾಕ್ಟ್ರಮ್ಮ ತಲೆ ಅಲ್ಲಾಡಿಸಿದರು. ಒಂದು ಅಕ್ಷರವೂ ಹೆಚ್ಚು ಬರೆಯುವುದಿಲ್ಲ, ಇರುವುದೇ ಬೇಕಾದಷ್ಟಿದೆ ಅಂದರು. ಹಿಂದಿನ ಟಿಪ್ಪಣಿಗಳಲ್ಲಿರುವ ಚೆನ್ನಾಗಿದ್ದೇನೆ ಎಂಬುದು ರೋಗಿ ಹೇಳಿದ ಮಾತು ಮಾತ್ರ, ತಾನು ಪರೀಕ್ಷಿಸಿ ಕಂಡದ್ದಲ್ಲ ಎಂದು ಬರೆದರು. ಗುಂಡಿ, ಬಾಗಿಲು, ಹಾಲು, ಬಚ್ಚಲು, ಪ್ರತಿಯೊಂದಕ್ಕೂ ಎಷ್ಟು ಹೊತ್ತು, ಯಾರ ನೆರವು, ಒಂದು ಸಲ ಮಾಡಿದರೆ ಮತ್ತೆ ಮಾಡಲಾಗುತ್ತದೆಯೇ, ಎಲ್ಲಾ ಬರೆದರು. ಎಕ್ಸ್‌ರೇ ಜೊತೆಗಿಟ್ಟರು.

ಹೊರಗೆ ಬಂದು ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತು ನಾದಿನಿ ಪತ್ರವನ್ನು ಗಟ್ಟಿಯಾಗಿ ಓದಿದಳು. ಎರಡು ಪುಟದ ತುಂಬ ಆಗುವುದಿಲ್ಲ, ಆಗುವುದಿಲ್ಲ. ಗಟ್ಟಿಗಿತ್ತಿಗೆ ಅಳು ಬರಬಹುದೆಂದು ನಾದಿನಿ ಹೆದರಿದ್ದಳು. ಆದರೆ ಅವಳಿಗೆ ಬೆನ್ನ ಮೇಲಿಂದ ಹಿಟ್ಟಿನ ಮೂಟೆ ಇಳಿಸಿದಷ್ಟು ಹಗುರವಾಗಿತ್ತು. ಇನ್ನೊಂದು ಸಲ ಓದು ಅಂದಳು. ಎರಡು ಬಸ್ಸು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮೇಲ್ಮನವಿ ಹೋಯಿತು, ಎರಡು ತಿಂಗಳಲ್ಲಿ ಮಾಸಾಶನ ಮಂಜೂರಾಯಿತು. ಆ ದುಡ್ಡಿನಲ್ಲಿ ಗೊತ್ತುಮಾಡಿದ ಒಬ್ಬ ಹೆಂಗಸು ಈಗ ದಿನವೂ ಬೆಳಿಗ್ಗೆ ಬಂದು, ಎರಡು ಗಂಟೆ ಹೊತ್ತು ಇದ್ದು, ಸ್ನಾನಕ್ಕೆ, ಬಟ್ಟೆಗೆ ನೆರವಾಗಿ ಹೋಗುತ್ತಾಳೆ. ಅವಳೂ ಭಾರಿ ಮಾತುಗಾರ್ತಿ. ಬಚ್ಚಲ ಬಾಗಿಲ ಆಚೆಯಿಂದ ಬರುವ ಇಬ್ಬರ ನಗು ಕೇಳಿ ನಾದಿನಿಗೆ ಒಂದಿಷ್ಟು ಹೊಟ್ಟೆಕಿಚ್ಚು. ಚಪ್ಪಲಿ ಹಾಕಿಕೊಂಡವಳು ತನಗೂ ಹೇಳಿ ಎಂದು ಮತ್ತೆ ಒಳಗೆ ಬರುತ್ತಾಳೆ, ಅಚ್ಚುಕೂಟಕ್ಕೆ ದಿನವೂ ತಡ.