ಕಸ್ತೂರೆವ್ವನ ಹೇಸಿಗೆ

ನರ್ಸ್ ಆದವರಿಗೆ ಹೇಸಿಗೆ ಇರುವುದಿಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತದೆ. ನನ್ನ ಓರಗಿತ್ತಿ, ನಮ್ಮ ಕಡೆಯ ಮಾತಿನಲ್ಲಿ ನೆಗೆಣ್ಣಿ, ಕಸ್ತೂರೆವ್ವ ಸಿಂದಗಿಯ ಒಂದು ಖಾಸಗಿ ದವಾಖಾನೆಯಲ್ಲಿ ಹೊಟ್ಟೆಯ ರೋಗಿಗಳನ್ನೇ ನೋಡಿಕೊಳ್ಳುತ್ತ ಆಯುಷ್ಯ ಕಳೆದಳು. ವಾಂತಿ, ಭೇದಿ, ಮೂಲವ್ಯಾಧಿ, ಕರುಳಿನ ಹುಣ್ಣು. ಬಜಾರದ ಪುಂಡರು ಅವಳಿಗೆ ಎನಿಮಾ ಕಸ್ತೂರಿ ಎಂದು ಹೆಸರಿಟ್ಟಿದ್ದರು. ಮನೆಗೆ ಬಂದವಳು ನೇರ ಹಿತ್ತಲಿಗೆ ಹೋಗಿ ಮೊಣಕೈತನಕ ಸಾಬೂನು ಉಜ್ಜುವಳು, ಆಮೇಲೂ ಬೆರಳು ಮೂಸಿ ಮುಖ ಕಿವುಚುವಳು. ತೆಳ್ಳಗಿನ ಬೇಳೆಸಾರು ಕಂಡರೆ ತಾಟು ಸರಿಸಿಬಿಡುವಳು. ಮರುದಿನ ಮತ್ತೆ ಡ್ಯೂಟಿಗೆ ಹೋಗುವಳು.

೧೯೯೭ರ ಬೇಸಿಗೆಯಲ್ಲಿ ನಮ್ಮ ಓಣಿಯ ವಾಸುದೇವ ಮಾಸ್ತರರ ತಾಯಿ ಗೋದೂಬಾಯಿಗೆ ಕರುಳು ಕಟ್ಟಿತು. ಸೊಲ್ಲಾಪುರದಲ್ಲಿ ಆಪರೇಷನ್ ಮಾಡಿ, ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತಂದಿಟ್ಟರು. ಮಲವೆಲ್ಲ ಅಲ್ಲಿಂದಲೇ ಬಂದು, ಮೇಲೆ ಅಂಟಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಬೀಳಬೇಕು. ದಸರೆಯ ಹೊತ್ತಿಗೆ ಮುದುಕಿ ಮೈ ತುಂಬಿಕೊಂಡರೆ ಕರುಳನ್ನು ಮತ್ತೆ ಒಳಗೆ ಜೋಡಿಸುತ್ತೇವೆ, ಸೊರಗಿದರೆ ಮುಟ್ಟುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಚೀಲ ಬದಲಿಸಲು ಮಾಸ್ತರರು ಕಸ್ತೂರೆವ್ವನನ್ನು ಗೊತ್ತುಮಾಡಿದರು. ಸಂಜೆ ಅವಳ ಜೊತೆ ನಾನೂ ಹೋಗುತ್ತಿದ್ದೆ.

ಗೋದೂಬಾಯಿ ಮಡಿ ಹೆಂಗಸು. ಆ ಮನೆಯ ದೇವರ ನೈವೇದ್ಯದ ಅಡಿಗೆಯೆಲ್ಲ ಅವಳ ಕೈಯಿಂದಲೇ ಆಗುತ್ತಿತ್ತು. ಈಗ ಅವಳನ್ನು ಹಿತ್ತಲ ಕೋಣೆಗೆ ಹಾಕಿದ್ದರು, ಹೆಣ್ಣುಮಕ್ಕಳು ಹೊರಗಾದಾಗ ಕೂಡುವ ಕೋಣೆ. ಸೊಸೆ ವರದಾ ಊಟದ ತಾಟನ್ನು ಹೊಸ್ತಿಲಾಚೆಯಿಂದ ಒಳಗೆ ತಳ್ಳುವಳು. ಮಗ ಮೂಗಿಗೆ ಧೋತರದ ಚುಂಗು ಹಿಡಿದು, “ಏನೂ ವಾಸನಿ ಇಲ್ಲ ಆಯಿ, ಮನಸ್ಸಿಗೆ ಹಚ್ಕೋಬ್ಯಾಡ” ಎನ್ನುವನು. ಸುಳ್ಳಿಗೂ ಒಂದು ಮಿತಿ ಬೇಡವೇ? ಮುಚ್ಚಿಟ್ಟ ಪಲ್ಯ ಕೊಳೆತಂಥ ನಾತ ಆ ಕೋಣೆಯಲ್ಲಿ. ಚೀಲದ ಸುತ್ತಲಿನ ಚರ್ಮ ಕೆಂಪಗೆ ಸುಲಿದು ಹೋಗಿತ್ತು. ಕಸ್ತೂರೆವ್ವ ಉಸಿರು ಬಿಗಿಹಿಡಿದು ಬೆಚ್ಚಗಿನ ನೀರಿನಿಂದ ಒರೆಸಿ, ಒಣಗಿಸಿ, ಹೊಸ ಚೀಲ ಅಂಟಿಸುವಳು.

ಚಾತುರ್ಮಾಸ ಬಂತು. ಆ ಮನೆಯಲ್ಲಿ ಮೊದಲ ತಿಂಗಳು ಕಾಯಿಪಲ್ಯ ಬಿಡುತ್ತಾರೆ, ಎರಡನೆಯ ತಿಂಗಳು ಮೊಸರು. ಶ್ರಾವಣದಲ್ಲಿ ನೋಡಿದರೆ ಗೋದೂಬಾಯಿಯ ಚೀಲ ದಿನಾ ಖಾಲಿ. ಮನೆಮಂದಿಗೆ ಹಬ್ಬ.

“ನೋಡ್ರಿ ಸಿಸ್ಟರ್, ಎಷ್ಟು ಸ್ವಚ್ಛ ಅದ! ಆಯಿ ವ್ರತದ ಪುಣ್ಯಾ” ಎಂದರು ಮಾಸ್ತರರು. ಬಂದ ಬೀಗರೂ ಹೊಸ್ತಿಲಲ್ಲೇ ನಿಂತು ಪುಣ್ಯವಂತೆಗೆ ಕೈಮುಗಿದು ಹೋಗುತ್ತಿದ್ದರು.

ಕಸ್ತೂರೆವ್ವ ಕರುಳು ಮತ್ತೆ ಕಟ್ಟಿತೋ ಎಂದು ಹೊಟ್ಟೆ ಒತ್ತಿ ನೋಡಿದಳು, ಮೆತ್ತಗಿತ್ತು. ಮುಂಗೈ ಹಿಡಿದರೆ ಬರೀ ಎಲುಬು. ಕಿಟಕಿಯಾಚೆ ಇಣುಕಿದರೆ, ತಾಟಿನ ಅನ್ನವೆಲ್ಲ ಆಕಳ ಬಾನಿಯಲ್ಲಿ ಬಿದ್ದಿತ್ತು.

“ಇದ್ಯಾವ ವ್ರತಾರಿ ಅವ್ವಾರ?”

“ವ್ರತದ ಹೆಸರಿನ್ಯಾಗ ಅನ್ನಾನೂ ಬಿಟ್ಟೇನವಾ” ಎಂದಳು ಗೋದೂಬಾಯಿ. “ಉಂಡ್ರ ಚೀಲಾ ತುಂಬತದ, ಮಗಾ ಬಾಗಲದಾಗ ನಿಂತು ಹೋಗ್ತಾನ. ಖಾಲಿ ಇದ್ರ ಒಳಗ ಬಂದು ಒಂದು ಚಣಾ ಕೂಡ್ತಾನ.”

ನನಗೆ ಆ ಮನೆಯ ಮೇಲೆಯೇ ಹೇಸಿಗೆ ಬಂತು. ತಾಯಿ ಒಣಗಿ ಕಡ್ಡಿಯಾದರೂ ಚೀಲ ಸ್ವಚ್ಛವಿದ್ದರೆ ಸಾಕು ಇವರಿಗೆ! ಮೇಲೆ ಥಳಕು, ಒಳಗೆ ಹುಳುಕು. ಥೂ.

ಕಸ್ತೂರೆವ್ವ ನೆಲದ ಮೇಲೆ ಕುಕ್ಕರಿಸಿದಳು. “ಅವ್ವಾರ, ಇದು ನಾರ್ತೈತ್ರಿ. ನನಗೂ ಹೇಸಿಗಿ ಬರ್ತೈತಿ. ಆದ್ರೂ ತೊಳೀತೇನಿ. ಇದು ತುಂಬಲಿಲ್ಲಂದ್ರ ದಸರಾಕ ನಿಮ್ಮ ಹೆಣಾ ತೊಳೀಬೇಕಾಕ್ಕೈತಿ. ಉಣ್ರಿ.”

“ಖರೇನ ನಾರತದೇನು?”

“ಖರೇನ್ರಿ, ಹೊಟ್ಟಿ ತೊಳಸ್ತೈತಿ.”

ಮುದುಕಿ ಕಿಸಕ್ಕನೆ ನಕ್ಕಳು. ಇಷ್ಟು ದಿನಕ್ಕೆ ಅವಳಿಗೆ ಯಾರೋ ನಿಜ ಹೇಳಿದ್ದರು. ಕಸ್ತೂರೆವ್ವ ಎದುರಿಗೇ ಕೂತು ಕಾಯ್ದಳು, ಗೋದೂಬಾಯಿ ನಾಲ್ಕು ತುತ್ತು ಉಂಡಳು.

ಮರುದಿನ ಹೋದರೆ ಮಾಸ್ತರರು ಬಾಗಿಲಿಗೆ ಅಡ್ಡ ನಿಂತಿದ್ದರು. “ಇಷ್ಟು ದಿನಾ ಸ್ವಚ್ಛ ಇತ್ತು. ನೀವು ಉಣಿಸಿ ಹೋದ್ರಿ, ಚೀಲಾ ಸೋರಿ ಹಾಸಗಿಯೆಲ್ಲಾ ಹೊಲಸಾತು. ನಾಳಿಂದ ಬರಬ್ಯಾಡ್ರಿ.”

“ಮಾಸ್ತರ್ರ, ನಿಮ್ಮ ತಾಯಿ ಅನ್ನಾ ಆಕಳಿಗೆ ಹಾಕಿ ಉಪಾಸ ಸಾಯಾಕತ್ತಾರ್ರಿ. ನೀವು ಹೇಸಕೋತೀರಿ ಅಂತ” ಎಂದಳು ಕಸ್ತೂರೆವ್ವ.

ಅವರು ಬಾಯಿ ತೆರೆಯುವುದರೊಳಗೆ ಹಿತ್ತಲ ಕೋಣೆಯಿಂದ ಗೋದೂಬಾಯಿಯ ದನಿ ಓಣಿಗೆಲ್ಲ ಕೇಳುವಂತೆ ಎದ್ದಿತು. “ವರದಾ, ಹುಡುಗರಿಗೆ ಇಟ್ಟ ಮೊಸರಿನ್ಯಾಗ ನನಗೂ ಒಂದು ಸೌಟು ಹಾಕಿ ಅನ್ನಾ ಕಲಿಸು. ವಾಸ್ಯಾ, ಸಿಸ್ಟರನ್ನ ಒಳಗ ಕರಕೊಂಡು ಬಾ. ಚೀಲಾ ಬದಲ್ಸೂದು ನೀನೂ ಕಲಿ.”

ದಸರೆ ಮುಗಿದ ಮೇಲೆ ಅವಳ ಕರುಳನ್ನು ಒಳಗೆ ಜೋಡಿಸಿದರು, ಸರಿ. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಅಂದಿನ ಸಂಜೆ. ಮಾಸ್ತರರು ಧೋತರ ಎತ್ತಿ ಕಟ್ಟಿ ಕೂತರು. ಚೀಲಕ್ಕೆ ಬೆರಳು ತಾಗಿದ್ದೇ ತಡ, ಪಕ್ಕಕ್ಕೆ ಬಾಗಿ ಗೊಳಕ್ಕನೆ ವಾಂತಿ ಮಾಡಿಕೊಂಡರು. ಗೋದೂಬಾಯಿ ಕಣ್ಣು ಮುಚ್ಚಿಕೊಂಡಳು.

ಕಸ್ತೂರೆವ್ವ ಗದರಿದಳು, “ವಾಂತಿ ಬಂದ್ರ ಬರ್ಲಿರಿ. ಕೈ ಬಿಡಬ್ಯಾಡ್ರಿ.”

ಮಾಸ್ತರರು ಕೈ ಬಿಡಲಿಲ್ಲ.